ಅಮೆರಿಕದ ಗೋಡೆಯಲ್ಲೊಂದು ಬೆಳಕಿಂಡಿ

ಅಮೆರಿಕದಿಂದ ಬಂದ ಮೇಲೆ ನಮ್ಮ ಮೊರಬದಲ್ಲಿ ನನ್ನನ್ನು ಕಂಡವರೆಲ್ಲ ಎತ್ತರದ ಕಟ್ಟಡಗಳ ಬಗ್ಗೆ ಕೇಳಿದರು. ನಾನು ಪಾಠ ಹೇಳುವ ಸಾಲಿಯ ಮಕ್ಕಳು ಅಲ್ಲಿಯ ದನ ಇಂಗ್ಲಿಷಿನಲ್ಲಿ ಕೂಗುತ್ತವೆಯೇ ಎಂದು ಕೇಳಿದರು. ಯಾರಿಗೂ ಸರಿಯಾದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಕಟ್ಟಡಗಳನ್ನು ವಿಮಾನದ ಕಿಟಕಿಯಿಂದ ನೋಡಿದ್ದಷ್ಟೇ. ದನ ಕಾಣಲೇ ಇಲ್ಲ. ಅಲ್ಲಿ ಇದ್ದಷ್ಟು ದಿನ ನಾನು ಕಣ್ಣಿಟ್ಟು ನೋಡಿದ್ದೆಂದರೆ ನನ್ನ ತಂಗಿಯ ಅಡಿಗೆಮನೆಯ ಒಂದು ಗೋಡೆ. ಹಾಗಾಗಿ ಆ ಗೋಡೆಯ ಕಥೆಯನ್ನೇ ಹೇಳುತ್ತೇನೆ.

ಮೊರಬದಿಂದ ಮುಂಬಯಿ

ತಂಗಿ ನೀಲಾ ಓಹಾಯೋದ ಒಂದು ಸಣ್ಣ ಊರಿನಲ್ಲಿ ನರ್ಸ್. ಅವಳ ಗಂಡ ಬಸವರಾಜ ಮಿಶ್ರಿಕೋಟಿ ಊರಿನವರು, ಓಹಾಯೋದಲ್ಲೇ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಮದುವೆಯಾಗಿ ಬಹಳ ವರ್ಷಗಳ ಮೇಲೆ ನೀಲಾ ಬಸುರಿಯಾಗಿದ್ದಳು. ಬಾಣಂತನಕ್ಕೆ ಅವ್ವ ಹೋಗಬೇಕಿತ್ತು. ಆದರೆ ಮೊಣಕಾಲು ನೋವಿನಿಂದ ಅವ್ವನಿಗೆ ನವಲಗುಂದದ ಬಸ್ಸು ಹತ್ತುವುದೇ ಕಷ್ಟ, ಇನ್ನು ವಿಮಾನ ಎಲ್ಲಿಂದ ಹತ್ತಬೇಕು? ನಾನು ಮದುವೆಯಾದವಳಲ್ಲ, ಸಾಲಿಗೆ ರಜೆ ಹಾಕಿದರೆ ಕೇಳುವವರಿಲ್ಲ. ಹೀಗಾಗಿ ನಾನೇ ಹೊರಟೆ.

ಅವ್ವ ಕಟ್ಟಿಕೊಟ್ಟ ಗಂಟುಗಳನ್ನು ನೋಡಿದ ತಮ್ಮ, ಅಮೆರಿಕದಾಗ ಬರ ಬಿದ್ದೈತೇನು ಎಂದು ನಕ್ಕ. ಜೋಳದ ಹಿಟ್ಟು, ಅಂಟಿನ ಉಂಡಿ, ಬೆಳ್ಳುಳ್ಳಿ, ಶೇಂಗಾ ಚಟ್ನಿ, ಕುಂದಗೋಳ ಸಂತೆಯಿಂದ ತರಿಸಿದ ಕೆಂಪು ಮೆಣಸಿನಕಾಯಿ, ಕಡೆಗೆ ರೊಟ್ಟಿ ಸುಡುವ ಒಂದು ಕಬ್ಬಿಣದ ಹಂಚು. ಅವ್ವ ಬಾಗಿಲವರೆಗೂ ಬಂದು ಒಂದೇ ಮಾತು ಹೇಳಿದಳು.

"ಗಿರಿಜಾ, ಆಕಿ ಹೊಟ್ಟಿ ತುಂಬ ಉಣ್ಣಬೇಕು ನೋಡವಾ. ಫೋನಿನ್ಯಾಗ ಆಕಿ ದನಿ ಹಸದಂಗ ಕೇಳ್ತೈತಿ."

ಫೋನೆಂದರೆ ಪೋಸ್ಟಾಫೀಸಿನಲ್ಲಿ ಅರ್ಧ ದಿನ ಕಾದು ಸಿಗುವ ಟ್ರಂಕ್ ಕಾಲ್, ಅದರಲ್ಲಿ ಗುರಗುರ ಸದ್ದೇ ಹೆಚ್ಚು. ಅದರಲ್ಲಿ ಹಸಿವು ಹೇಗೆ ಕೇಳಿಸಿತೋ ಅವ್ವನಿಗೇ ಗೊತ್ತು. ನಾನು ಹೂಂ ಎಂದೆ, ಹುಬ್ಬಳ್ಳಿಯ ಬಸ್ಸು ಹತ್ತಿದೆ, ಅಲ್ಲಿಂದ ಮುಂಬಯಿಯ ರೈಲು. ದಾರಿಯುದ್ದಕ್ಕೂ ಹಂಚನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆ.

ಅಮೆರಿಕದ ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವ ಎತ್ತರದ ಮನುಷ್ಯ ಹಂಚನ್ನು ಬೆರಳಿನಿಂದ ಬಾರಿಸಿ ನೋಡಿದ. ಏನಿದು ಎಂದ. ನಾನು ಕೈ ತಟ್ಟಿ ರೊಟ್ಟಿ ಬಡಿದು ತೋರಿಸಿದೆ. ಹಿಂದೆ ಸಾಲಿನಲ್ಲಿದ್ದವರು ನಗತೊಡಗಿದರು, ಅವನೂ ನಕ್ಕು ಕಳಿಸಿದ. ಆ ದೇಶದಲ್ಲಿ ನನ್ನ ಮೊದಲ ಪಾಠ ಅದೇ.

ಮೊದಲ ಮುಂಜಾನೆ

ನೀಲಾ ಸೊರಗಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಉಳಿದದ್ದೆಲ್ಲ ಒಳಗೆ ಹೋಗಿತ್ತು. ಇಷ್ಟು ವರ್ಷದ ಮೇಲೆ ಬಂದ ಬಸುರು, ಯಾರ ಕಣ್ಣು ಬಿದ್ದಿದೆಯೋ ಎಂದು ನನಗೆ ರಾತ್ರಿಯೆಲ್ಲ ಕಳವಳ. ಬೆಳಗ್ಗೆ ಎದ್ದವಳೇ ಅವಳನ್ನು ಅಡಿಗೆಮನೆಯಲ್ಲಿ ಕೂರಿಸಿ, ಉಪ್ಪು, ಸಾಸಿವೆ, ಮೆಣಸಿನಕಾಯಿಗಳನ್ನು ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ದೃಷ್ಟಿ ತೆಗೆದೆ. ಊರಲ್ಲಾದರೆ ಒಲೆಯ ಕೆಂಡಕ್ಕೆ ಹಾಕುತ್ತೇವೆ. ಇಲ್ಲಿ ಕೆಂಡವಿಲ್ಲ, ಸುರುಳಿ ಸುತ್ತಿದ ವಿದ್ಯುತ್ ಒಲೆ. ಕೆಂಪಗೆ ಕಾದಿತ್ತಲ್ಲ, ಅದರ ಮೇಲೇ ಸುರುವಿದೆ.

ಆ ಒಲೆಯ ಮೇಲ್ಗಡೆ, ಗೋಡೆಗೆ, ಒಂದು ದೊಡ್ಡ ಪೆಟ್ಟಿಗೆ ನೇತುಹಾಕಿದ್ದರು. ಮೈಕ್ರೋವೇವ್ ಒಲೆ ಅಂತೆ, ಬೆಂಕಿ ಇಲ್ಲದೆ ಅನ್ನ ಬಿಸಿ ಮಾಡುತ್ತದೆ. ಅದರ ಹೊಟ್ಟೆಯ ಕೆಳಗೇ ಹೊಗೆ ಎಳೆಯುವ ಫ್ಯಾನೂ ಇತ್ತು. ಹೊಗೆ ಎದ್ದದ್ದೇ ನೀಲಾ ಕೈ ಚಾಚಿ ಬಟನ್ ಒತ್ತಿದಳು. ಫ್ಯಾನು ಗುರ್ರೆಂದು ಶುರುವಾಯಿತು. ಮರುಕ್ಷಣ ಘಾಟು ನೇರವಾಗಿ ನನ್ನ ಮುಖಕ್ಕೇ ಹೊಡೆಯಿತು. ಕಣ್ಣು ಮೂಗು ಎಲ್ಲ ಉರಿ. ಛಾವಣಿಗೆ ಅಂಟಿಸಿದ್ದ ಬಿಳಿ ಬಿಲ್ಲೆಯೊಂದು ಕಿವಿ ಹರಿಯುವಂತೆ ಚೀರಿತು. ಹೊಗೆ ಕಂಡರೆ ಕೂಗಬೇಕೆಂದು ಅದನ್ನು ಅಲ್ಲಿ ಇಟ್ಟಿದ್ದಾರಂತೆ. ಬಸವರಾಜರೂ ಸೇರಿ ನಾವು ಮೂವರೂ ಕೆಮ್ಮುತ್ತ ಹೊರಗೆ ಹಿಮಕ್ಕೆ ಓಡಿದೆವು, ನಾನು ಬರಿಗಾಲಲ್ಲಿ.

ಮೆಣಸಿನಕಾಯಿ ಸುಟ್ಟಾಗ ಘಾಟು ಬರದಿದ್ದರೆ ದೃಷ್ಟಿ ಜೋರಾಗಿ ಬಿದ್ದಿದೆ ಎಂದು ನಮ್ಮ ಕಡೆ ಲೆಕ್ಕ. ಬಸವರಾಜರು ಕಣ್ಣು ಒರೆಸಿಕೊಳ್ಳುತ್ತ ಹೇಳಿದರು.

"ಅಕ್ಕಾರ, ನಿಮ್ಮ ತಂಗಿಗೆ ದೃಷ್ಟಿ ಕೂದಲೆಳಿಯಷ್ಟೂ ಆಗಿಲ್ಲ ಬಿಡ್ರಿ. ಖಾತ್ರಿ ಆತು."

ನಾನು ನಕ್ಕೆ. ನೀಲಾ ನಗಲಿಲ್ಲ. ಪಕ್ಕದ ಮನೆಯ ಕಿಟಕಿಯಲ್ಲಿ ಬಿಳಿಗೂದಲಿನ ಮುದುಕಿಯೊಬ್ಬಳು ನಿಂತು ನಮ್ಮತ್ತ ನೋಡುತ್ತಿದ್ದಳು. ಡೋರತಿ ಅಂತ ಅವಳ ಹೆಸರು, ಒಬ್ಬಳೇ ಇರುವವಳು. ಅವಳು ಕೈ ಬೀಸಿದಳು. ನೀಲಾ ಮುಖ ತಿರುಗಿಸಿಕೊಂಡು ಒಳಗೆ ಹೋಗಿಬಿಟ್ಟಳು.

ಕೋಟು

ಅಂದು ಮಧ್ಯಾಹ್ನ ನಾನು ಹಿಟ್ಟಿನ ಗಂಟು ಬಿಚ್ಚಿದರೆ ನೀಲಾ ಕೈ ಹಿಡಿದಳು.

"ಬ್ಯಾಡಕ್ಕಾ. ರೊಟ್ಟಿ ಬ್ಯಾಡ, ಒಗ್ಗರಣಿನೂ ಬ್ಯಾಡ. ಬ್ರೆಡ್ ಐತಿ, ಬೇಯಿಸಿದ ಕಾಯಿಪಲ್ಲೆ ಐತಿ. ಬಾಣಂತನದಾಗೂ ನನಗ ಅಷ್ಟ ಸಾಕು."

ನನಗೆ ಸಿಟ್ಟು ಬಂತು. ಸಮುದ್ರ ದಾಟಿ ಬ್ರೆಡ್ಡಿಗೆ ಬೆಣ್ಣೆ ಸವರಲು ಬಂದೆನೇ ನಾನು? ಜೋರು ಮಾಡಿದೆ. ಆಗ ಅವಳು ಅಳಲು ಶುರುಮಾಡಿದಳು, ಆಮೇಲೆ ಹೇಳಿದಳು.

ಹಿಂದಿನ ಚಳಿಗಾಲದಲ್ಲಿ ಆಸ್ಪತ್ರೆಯಲ್ಲಿ ಅವಳ ಕೋಟು ಎಲ್ಲರ ಕೋಟುಗಳ ಜೊತೆ ಗೂಟದಲ್ಲಿ ತೂಗುತ್ತಿತ್ತಂತೆ. ಜೊತೆಯ ನರ್ಸ್ ಒಬ್ಬಳು ಮೂಗು ಮುಚ್ಚಿಕೊಂಡು, ಇದು ಯಾರದು, ಏನೋ ಕರಿದ ನಾತ ಎಂದಳಂತೆ. ಮರುದಿನದಿಂದ ನೀಲಾಳ ಕೋಟು ಮೂಲೆಯಲ್ಲಿ ಬೇರೆಯೇ ಒಂದು ಗೂಟದಲ್ಲಿ. ಯಾರೂ ಜಗಳ ಮಾಡಲಿಲ್ಲ, ಯಾರೂ ಬೈಯಲಿಲ್ಲ, ಕೋಟಷ್ಟೇ ಸರಿಯಿತು. ಆವತ್ತಿನಿಂದ ಇವಳು ಮನೆಯಲ್ಲಿ ಸಾಸಿವೆ ಸಿಡಿಸುವುದನ್ನೇ ಬಿಟ್ಟಳು. ಬಾಗಿಲು ತೆರೆದಿಟ್ಟರೆ ಚಳಿಗೆ ಹೆಪ್ಪುಗಟ್ಟಬೇಕು, ಮುಚ್ಚಿದರೆ ವಾಸನೆ ಪರದೆ, ಹಾಸಿಗೆ, ಕೋಟು ಎಲ್ಲಕ್ಕೂ ಹತ್ತುತ್ತದೆ.

"ಫ್ಯಾನ್ ಐತೆಲ್ಲಬೇ?" ಎಂದೆ.

"ಅದು ಸುಮ್ಮನ ಸದ್ದು ಮಾಡತೈತಿ. ನೀನ ನೋಡಿದಿಯಲ್ಲ."

ಅಂದಿನಿಂದ ನಾನು ಒಂದು ಸಂಗತಿ ಗಮನಿಸಿದೆ. ಮನೆಯಿಂದ ಹೊರಡುವ ಮುಂಚೆ ಪ್ರತಿಸಲ ನೀಲಾ ಕೋಟು ಹಾಕಿಕೊಂಡು, ಯಾರೂ ನೋಡುತ್ತಿಲ್ಲವೆಂದುಕೊಂಡು, ತೋಳನ್ನು ಮೂಗಿಗೆ ಹಿಡಿಯುತ್ತಿದ್ದಳು. ಮೊರಬದ ಬಾವಿಗೆ ಎರಡು ಕೊಡ ಹೊತ್ತು ನಗುನಗುತ್ತ ಓಡಾಡಿದ ಹುಡುಗಿ ಅದು. ಹೆರಿಗೆಗೆ ದಿನ ಹತ್ತಿರವಿತ್ತು. ಅಷ್ಟರೊಳಗೆ ಈ ಮನೆಯ ಹೊಗೆಗೆ ದಾರಿ ಸಿಗದಿದ್ದರೆ ನನ್ನ ತಂಗಿ ತನ್ನ ಬಾಣಂತನವನ್ನು ಹಸಿದುಕೊಂಡೇ ಕಳೆಯುತ್ತಾಳೆ ಎಂಬುದು ನನಗೆ ಸ್ಪಷ್ಟವಾಯಿತು.

ಹಿತ್ತಲು

ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳಿಗೆ ಒಲೆಯ ನೆತ್ತಿಗೆ ಸರಿಯಾಗಿ ಬೆಳಕಿಂಡಿ ಇರುತ್ತದೆ. ಬೆಳಕು ಒಳಗೆ ಬರುವುದು, ಹೊಗೆ ಹೊರಗೆ ಹೋಗುವುದು, ಎರಡಕ್ಕೂ ಅದೊಂದೇ ದಾರಿ. ಮಳೆ ಬಂದರೆ ಮೇಲೆ ಹತ್ತಿ ಒಡೆದ ಗಡಿಗೆ ಬೋರಲು ಹಾಕುತ್ತೇವೆ. ಅವ್ವನಿಗೆ ಕಾಲು ಗಟ್ಟಿ ಇದ್ದಾಗ ಸಂಜೆ ಮಾಳಿಗೆಗೆ ಹೋಗಿ ಒಣಹಾಕಿದ ಮೆಣಸಿನಕಾಯಿ ಬಾಚಿಕೊಳ್ಳುತ್ತ ಸುತ್ತಲಿನ ಮಾಳಿಗೆಗಳನ್ನೆಲ್ಲ ಒಮ್ಮೆ ನೋಡುತ್ತಿದ್ದಳು. ಯಾವುದಾದರೂ ಬೆಳಕಿಂಡಿಯಿಂದ ಹೊಗೆ ಏಳದಿದ್ದರೆ, ಆ ಮನ್ಯಾಗ ಇವತ್ತ ಒಲಿ ಹತ್ತಿಲ್ಲ ಎಂದು ಕೆಳಗಿಳಿದು, ಎರಡು ರೊಟ್ಟಿಯಲ್ಲಿ ಪಲ್ಯ ಮಡಚಿ ನಮ್ಮ ಕೈಲಿ ಕಳಿಸುತ್ತಿದ್ದಳು. ಯಾಕೆ ಹಚ್ಚಿಲ್ಲ ಎಂದು ಕೇಳಕೂಡದು, ಕೊಟ್ಟು ಬರಬೇಕು, ಅಷ್ಟೇ.

ಒಂದು ಬೆಳಗ್ಗೆ ಕಸದ ಡಬ್ಬಿ ಇಡಲು ಹಿತ್ತಲಿಗೆ ಹೋದವಳು ಅವ್ವನ ಚಾಳಿಯಂತೆ ಸುಮ್ಮನೆ ಸುತ್ತ ನೋಡಿದೆ. ಆ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಡೋರತಿಯ ಅಡಿಗೆಮನೆಯ ಗೋಡೆಯಲ್ಲಿ, ಎದೆಮಟ್ಟಕ್ಕಿಂತ ಎತ್ತರದಲ್ಲಿ, ಸಣ್ಣ ತಗಡಿನ ಮುಚ್ಚಳವೊಂದು ತಟಪಟ ಬಡಿಯುತ್ತಿತ್ತು. ಅದರಿಂದ ಬಿಳಿ ಹೊಗೆ ಎಳೆಎಳೆಯಾಗಿ ಏಳುತ್ತಿತ್ತು, ಏನೋ ಹುರಿಯುತ್ತಿದ್ದಳು.

ನಮ್ಮ ಗೋಡೆಯನ್ನು ನೋಡಿದೆ. ಅದೇ ಜಾಗದಲ್ಲಿ ಅಂಥದೇ ಮುಚ್ಚಳ. ಆದರೆ ಗೋಡೆಯ ಬಣ್ಣವೇ ಅದರ ಮೇಲೂ. ಹತ್ತಿರ ಹೋಗಿ ಉಗುರಿನಿಂದ ಕೆರೆದೆ. ಅದು ಅಲುಗಲಿಲ್ಲ.

"ಬಸವರಾಜ್ರ, ಸ್ವಲ್ಪ ಹೊರಗ ಬರ್ರಿ," ಎಂದು ಕೂಗಿದೆ.

ಅವರು ಚಪ್ಪಲಿಯಲ್ಲೇ ಬಂದು ನೋಡಿದರು. ಮುಟ್ಟಿದರು. ಆಮೇಲೆ ಹಣೆ ಚಚ್ಚಿಕೊಂಡರು.

"ಅಯ್ಯ ಶಿವನ! ಇದನ್ನ ನಾನ ಮಾಡೇನ್ರಿ ಅಕ್ಕಾರ."

ಕಥೆ ಇಷ್ಟು. ಮನೆ ಕೊಂಡ ವರ್ಷ ದೀಪಾವಳಿಗೆ ಮುಂಚೆ, ಊರಿನ ರೂಢಿಯಂತೆ, ಮನೆಗೆ ಬಣ್ಣ ಹಚ್ಚಲೇಬೇಕೆಂದು ಅವರು ತಾವೇ ಬ್ರಷ್ ಹಿಡಿದಿದ್ದರು. ನಮ್ಮಲ್ಲಿ ಸುಣ್ಣ ಬಳಿಯುವಾಗ ಯಾರು ಏನು ಬಿಟ್ಟು ಬಳಿಯುತ್ತಾರೆ? ಗೂಡು, ಗೂಟ, ಸ್ವಿಚ್ಚಿನ ಹಲಗೆ, ಎಲ್ಲದರ ಮೇಲೂ ಒಂದು ಕೈ. ಇವರೂ ಹಾಗೇ ಸಂದು ಬಿಡದೆ, ಎರಡು ಸಲ, ಮುಚ್ಚಳದ ಮೇಲೂ ಎಳೆದಿದ್ದರು. ಅದು ಸುಣ್ಣವಲ್ಲ, ಅಲ್ಲಿಯ ಗಟ್ಟಿ ಬಣ್ಣ. ಒಣಗಿ ಮುಚ್ಚಳ ಗೋಡೆಯೊಂದಿಗೆ ಒಂದಾಗಿತ್ತು. ಆಮೇಲೆ ಹಳೆಯ ಫ್ಯಾನು ತೆಗೆದು ಈ ಪೆಟ್ಟಿಗೆ ಕೂರಿಸಲು ಬಂದವನು ಹೊರಗಿನ ದಾರಿ ಮುಚ್ಚಿದ್ದು ಕಂಡು, ಗಾಳಿ ಮೇಲಿನಿಂದ ಕೋಣೆಯೊಳಕ್ಕೇ ಬರುವ ಹಾಗೆ ಫ್ಯಾನು ತಿರುಗಿಸಿ ಹೋಗಿದ್ದ. ಇವರಿಬ್ಬರೂ ಅದನ್ನು ಕೇಳಲೂ ಇಲ್ಲ, ನೋಡಲೂ ಇಲ್ಲ. ಕೆಳಗಿನಿಂದ ಎಳೆದ ಹೊಗೆಯನ್ನು ಮೇಲಿನ ಜಾಲರಿಯಿಂದ ನಮ್ಮ ಮುಖಕ್ಕೇ ಉಗುಳುತ್ತಿತ್ತು ಆ ಯಂತ್ರ.

ಕೋಟಿನ ಸಂಗತಿ ನೀಲಾ ಬಸವರಾಜರಿಗೆ ಹೇಳಿರಲಿಲ್ಲ. ನಾನು ಹೇಳಿದೆ. ಅವರ ಮುಖ ಸಣ್ಣದಾಯಿತು. ಒಳಗೆ ಹೋಗಿ ಚಾಕು ತಂದವರು ಮುಚ್ಚಳದ ಸುತ್ತ ಬಣ್ಣ ಕೆರೆಯತೊಡಗಿದರು.

ಸಿಂಬಿ

ಮುಚ್ಚಳ ಬಿಡಿಸಿದ್ದಾಯಿತು. ಈಗ ಪೆಟ್ಟಿಗೆ ಇಳಿಸಿ ಫ್ಯಾನನ್ನು ಗೋಡೆಯ ಕಡೆ ತಿರುಗಿಸಬೇಕು. ಪ್ಲಗ್ ಕಿತ್ತು, ಮೇಲಿನ ಕಪಾಟಿನೊಳಗಿನ ಬೋಲ್ಟುಗಳನ್ನು ಬಿಚ್ಚಬೇಕು. ಬಿಚ್ಚುವಾಗ ಕೆಳಗಿನಿಂದ ಒಬ್ಬರು ಆನಿಸಿ ಹಿಡಿಯಬೇಕು. ನೀಲಾ ಭಾರ ಎತ್ತುವ ಹಾಗಿಲ್ಲ. ಕಾರ್ಖಾನೆಯ ಗೆಳೆಯರನ್ನು ಕರೀತೀನಿ ಎಂದರು ಬಸವರಾಜರು. ನೀಲಾ ಬೇಡವೇ ಬೇಡ ಎಂದಳು. ಈ ಮನೆಗೆ ಹೊರಗಿನವರು ಬರುವುದೇ ಅವಳಿಗೆ ಬೇಡವಾಗಿತ್ತು.

"ನಾ ಹೊರತೀನಿ," ಎಂದೆ.

"ಕೈ ನಿಲ್ಲಂಗಿಲ್ರಿ ಅಕ್ಕಾರ. ಎರಡ ತುಂಬಿದ ಕೊಡದಷ್ಟ ಐತಿ."

"ಕೈಲೆ ಯಾರ ಹೊರತಾರ?"

ವಿದ್ಯುತ್ ಒಲೆಯನ್ನು ಮುಂದಕ್ಕೆ ಎಳೆದೆವು. ಆ ಸಂದಿನಲ್ಲಿ ಎತ್ತರದ ಸ್ಟೂಲ್ ಇಟ್ಟು ಕೂತೆ. ಹಳೇ ಸೀರೆಯ ತುಂಡು ಸುತ್ತಿ ಸಿಂಬಿ ಮಾಡಿ ನೆತ್ತಿಗೆ ಇಟ್ಟುಕೊಂಡೆ. ಪೆಟ್ಟಿಗೆಯ ತಳ ಸಿಂಬಿಗೆ ಸರಿಯಾಗಿ ಮುಟ್ಟಿತು. ಬೋಲ್ಟು ಸಡಿಲವಾದಂತೆ ಭಾರ ಮೆಲ್ಲಗೆ ನನ್ನ ಕತ್ತಿಗೆ ಇಳಿಯಿತು. ಕತ್ತು ನೆಟ್ಟಗೆ ಇಟ್ಟು ಕೂತೆ. ಕೊಡ ಹೊತ್ತು ಬೆಳೆದವರಿಗೆ ಅದು ಮರೆಯುವ ವಿದ್ಯೆಯಲ್ಲ.

ಅದೇ ಹೊತ್ತಿಗೆ ಹಿತ್ತಲ ಬಾಗಿಲು ಬಡಿದ ಸದ್ದು. ಕೊರೆಯುವ ಚಳಿಯಲ್ಲಿ ಬಸವರಾಜರು ಗೋಡೆ ಕೆರೆಯುವುದನ್ನು ಕಂಡ ಡೋರತಿ, ಕೀಲಿ ಕಳೆದುಕೊಂಡು ಹೊರಗೆ ಸಿಕ್ಕಿಬಿದ್ದಿದ್ದಾರೆಂದು ತಿಳಿದು ಬಂದಿದ್ದಳು. ನೀಲಾ ಬಾಗಿಲು ತೆರೆದರೆ ಡೋರತಿಗೆ ಕಂಡದ್ದು, ಸೀರೆ ಉಟ್ಟ ಹೆಂಗಸೊಬ್ಬಳ ತಲೆಯ ಮೇಲೆ ಮೈಕ್ರೋವೇವ್. ನಾನು ಕತ್ತು ತಿರುಗಿಸುವ ಹಾಗಿರಲಿಲ್ಲ. ಕಣ್ಣಲ್ಲೇ ನಮಸ್ಕಾರ ಮಾಡಿದೆ.

ನೀಲಾ ನಾಚಿಕೆಯಿಂದ ಗೋಡೆಗೆ ಒರಗಿಬಿಟ್ಟಳು. ಡೋರತಿ ಕೈಗವಸು ಕಳಚಿ ಜೇಬಿಗೆ ತುರುಕಿ, ಬಂದು ಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟಳು. ಮೂವರೂ ಸೇರಿ ಕಟ್ಟೆಯ ಮೇಲೆ ಇಳಿಸಿದೆವು. ಬಸವರಾಜರು ಫ್ಯಾನು ಬಿಚ್ಚಿ ಗೋಡೆಯ ತೂತಿನ ಕಡೆ ತಿರುಗಿಸಿ ಕೂರಿಸಿದರು. ಪೆಟ್ಟಿಗೆಯನ್ನು ಮತ್ತೆ ಮೇಲೇರಿಸುವ ಮುಂಚೆ ಡೋರತಿ ನನ್ನ ಸಿಂಬಿಯನ್ನು ಬೆರಳಿನಿಂದ ತೋರಿಸಿ ಏನೋ ಕೇಳಿದಳು. ನಾನು ಅವಳ ನೆತ್ತಿಯ ಮೇಲೂ ಒಮ್ಮೆ ಅದನ್ನು ಇಟ್ಟೆ. ಅವಳು ಹಾಗೇ ಬೆನ್ನು ನೆಟ್ಟಗೆ ಮಾಡಿ ಅಡಿಗೆಮನೆಯಲ್ಲಿ ಒಂದು ಸುತ್ತು ನಡೆದಳು. ನಾನು ಬಂದ ಮೇಲೆ ನೀಲಾ ಬಾಯಿ ತುಂಬ ನಕ್ಕದ್ದು ಆಗ.

ಸಂಜೆ ಒಲೆಯ ಒಂದು ಸುರುಳಿಗೆ ಹಂಚು, ಇನ್ನೊಂದಕ್ಕೆ ಒಗ್ಗರಣೆಯ ಪಾತೇಲಿ ಇಟ್ಟೆ. ನೀಲಾ ಉಸಿರು ಹಿಡಿದು ನಿಂತಿದ್ದಳು. ಎಣ್ಣೆಯಲ್ಲಿ ಸಾಸಿವೆ ಸಿಡಿಯಿತು, ಮೆಣಸಿನಕಾಯಿ ಬಿತ್ತು. ಫ್ಯಾನು ಗುರ್ರೆಂದಿತು. ಹೊಗೆ ಮೇಲೆದ್ದು ಪೆಟ್ಟಿಗೆಯ ಕೆಳಗೆ ಬಾಗಿ ಒಳಗೆ ಹೋಯಿತು. ಮುಖಕ್ಕೆ ಏನೂ ಬರಲಿಲ್ಲ, ಬಿಲ್ಲೆಯೂ ಚೀರಲಿಲ್ಲ. ಹೊರಗಿನಿಂದ ಬಸವರಾಜರ ಕೂಗು ಕೇಳಿತು.

"ಬಂತ್ರಿ ಅಕ್ಕಾರ! ಮುಚ್ಚಳಾ ಕುಣ್ಯಾಕತ್ತೈತಿ!"

ಅಂದು ನೀಲಾ ರೊಟ್ಟಿ ಹಂಚಿನಿಂದ ಇಳಿದಂತೆ ನಿಂತುಕೊಂಡೇ ತಿಂದಳು. ನಾನು ಬಡಿಯುತ್ತಲೇ ಇದ್ದೆ. ಕೈ ಸೋತರೂ ನಾನು ಸಾಕು ಅನ್ನಲಿಲ್ಲ.

ಡೋರತಿಯ ಬಾಗಿಲು

ಹೆರಿಗೆ ಸುಸೂತ್ರವಾಯಿತು. ಹೆಣ್ಣು ಮಗು, ತಲೆ ತುಂಬ ಕೂದಲು. ಅವ್ವನ ಅಂಟಿನ ಉಂಡಿ, ಬೆಳ್ಳುಳ್ಳಿ ಹಾಕಿದ ಸಾರು, ಬಿಸಿ ರೊಟ್ಟಿ, ಯಾವುದಕ್ಕೂ ನೀಲಾ ಬೇಡ ಅನ್ನಲಿಲ್ಲ. ಗಲ್ಲ ತುಂಬಿಕೊಂಡವು. ಆದರೆ ಡೋರತಿಯ ಬಗ್ಗೆ ಮಾತ್ರ ಅವಳಿಗೆ ಅಂಜಿಕೆ ಹೋಗಲಿಲ್ಲ. ನಮ್ಮ ಹೊಗೆಯೆಲ್ಲ ಈಗ ಆಕಿ ಕಿಟಕಿಗೇ ಹೋಗತೈತಿ, ಎಂದು ಸಂಕಟಪಡುವಳು. ನಾವು ಒಗ್ಗರಣೆ ಹಾಕಿದಾಗ ಎಷ್ಟೋ ಸಲ ಆಚೆಯಿಂದ ಸೀನು ಕೇಳಿಸುತ್ತಿತ್ತು. ಒಂದೊಂದು ಸೀನಿಗೂ ಇವಳು ಬೆಚ್ಚಿ ಬೀಳುವಳು. ಕೋಟಿನ ತೋಳು ಮೂಸುವುದೂ ನಿಂತಿರಲಿಲ್ಲ.

ನಾನು ಹೊರಡುವ ದಿನ ಹತ್ತಿರ ಬಂತು. ಹಿಮ ಕರಗಿ ಹಿತ್ತಲಲ್ಲಿ ಹುಲ್ಲು ಕಾಣಿಸುತ್ತಿತ್ತು. ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ, ನೀಲಾ ಕಿಟಕಿಯ ಬಳಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಸ್ವಲ್ಪ ಹೊತ್ತು ಸುಮ್ಮನೆ ಹೊರಗೆ ನೋಡುತ್ತಿದ್ದವಳು ಹೇಳಿದಳು.

"ಅಕ್ಕಾ, ಆ ಮನ್ಯಾಗ ಇವತ್ತ ಒಲಿ ಹತ್ತಿಲ್ಲ."

ನನ್ನ ಕೈ ಹಿಟ್ಟಿನ ಮೇಲೇ ನಿಂತಿತು. ದನಿ ಕೂಡ ಅವ್ವನದೇ. ನಾನೂ ನೋಡಿದೆ. ಡೋರತಿಯ ಗೋಡೆಯ ಮುಚ್ಚಳ ಸುಮ್ಮನೆ ಮುಚ್ಚಿಕೊಂಡಿತ್ತು.

"ನಿನ್ನೆನೂ ಹತ್ತಿರಲಿಲ್ಲ ಅನಸತೈತಿ," ಎಂದಳು ನೀಲಾ.

ನಾನು ಎರಡು ರೊಟ್ಟಿಯಲ್ಲಿ ಬದನೆಕಾಯಿ ಪಲ್ಯ ಮಡಚಿ ಕಟ್ಟೆಯ ಮೇಲೆ ಇಟ್ಟೆ. ಹೋಗಿ ಬರೋಣವೆಂದು ನಾನು ಶಾಲು ಹುಡುಕುವಷ್ಟರಲ್ಲಿ ಅವಳು ಮಗುವನ್ನು ನನ್ನ ಕೈಗೆ ಕೊಟ್ಟು, ಗೂಟದ ಮೇಲಿನ ಕೋಟು ತೆಗೆದುಕೊಂಡಳು. ಹಾಕಿಕೊಂಡಳು, ರೊಟ್ಟಿಯನ್ನು ಅದರೊಳಗೆ ಎದೆಗೆ ಒತ್ತಿ ಹಿಡಿದಳು, ಬಾಗಿಲು ತೆರೆದು ಹೋದಳು. ತೋಳು ಮೂಸಿ ನೋಡಲಿಲ್ಲ.

ಮಗುವನ್ನು ಎತ್ತಿಕೊಂಡು ಕಿಟಕಿಯಲ್ಲಿ ನಿಂತು ನೋಡಿದೆ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಡೋರತಿ ಕಂಬಳಿ ಹೊದ್ದು, ಮೂಗಿಗೆ ಕರವಸ್ತ್ರ ಹಿಡಿದಿದ್ದಳು. ಇಬ್ಬರೂ ಬಾಗಿಲಲ್ಲೇ ಏನೋ ಮಾತಾಡಿದರು. ಡೋರತಿ ನೀಲಾಳ ಕೈ ಹಿಡಿದುಕೊಂಡಳು, ಬಿಡಲಿಲ್ಲ.

ನೀಲಾ ಮರಳಿ ಬಂದಾಗ ಕಣ್ಣು ತುಂಬಿದ್ದವು, ಮುಖ ನಗುತ್ತಿತ್ತು.

"ನೆಗಡಿ ಜ್ವರ ಅಂತಕ್ಕಾ, ಎದ್ದ ಒಲಿ ಹಚ್ಚಾಕ ಆಗಿಲ್ಲ. ಏನಂದ್ಲು ಗೊತ್ತೇನು? ಮೂಗು ಕಟ್ಟೈತಿ, ಎರಡ ದಿನಾತು ನಿಮ್ಮ ಮನಿ ವಾಸನಿನ ಬಂದಿಲ್ಲ. ನೀವು ನನಗ ಹೇಳದ ನಿಮ್ಮ ದೇಶಕ್ಕ ಹೋಗಿಬಿಟ್ರೇನೋ ಅಂತ ಮಾಡಿದ್ದೆ, ಅಂದ್ಲು."

ಮಗುವಿನ ಕೂದಲಲ್ಲಿ ಮುಖ ಇಟ್ಟೆ, ಅದಕ್ಕೂ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಹತ್ತಿತ್ತು.

ನೀಲಾ ಕೋಟು ಬಿಚ್ಚಲೂ ಇಲ್ಲ. ನೇರವಾಗಿ ಒಲೆಯ ಮುಂದೆ ಹೋಗಿ ನಿಂತು ಫ್ಯಾನಿನ ಬಟನ್ ಒತ್ತಿದಳು.

"ಪಾತೇಲಿ ಕೊಡಕ್ಕಾ. ಆಕಿಗೆ ಬಿಸಿ ಸಾರ ಮಾಡಿ ಒಯ್ತೀನಿ. ಮೆಣಸ ಜಾಸ್ತಿ ಹಾಕೂಣು, ಆಕಿ ಮೂಗು ಬಿಡಲಿ."